ಝಳಕಿಯವರು ಒಂಟೆ ಕೊಟ್ಟ ಆಟ

ಆ ಭಾನುವಾರ ಸಿಂದಗಿಯ ನಮ್ಮ ಶಾಲೆಯ ಸಭಾಂಗಣದಲ್ಲಿ ಹದಿನಾರು ಬೋರ್ಡು ಹಾಕಿದ್ದೆವು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕಿನ ಚದುರಂಗ ಆಡುವವರು ಸೇರಿ ಮಾಡಿಕೊಂಡ ಒಂದು ಬಳಗವಿದೆ. ಐದು ಸುತ್ತು ಆಡಿಸಿ, ಮೇಲೆ ಬಂದ ನಾಲ್ವರನ್ನು ಕಲಬುರಗಿಯಲ್ಲಿ ನಡೆಯುವ ತಂಡಗಳ ಪಂದ್ಯಕ್ಕೆ ಕಳಿಸುವುದಿತ್ತು. ತೀರ್ಪುಗಾರಳು ನಾನು. ಗಣಿತ ಕಲಿಸುತ್ತೇನೆ, ಅಕ್ಷರ ದುಂಡಗಿವೆ, ತೀರ್ಪುಗಾರರ ಎರಡು ದಿನದ ತರಬೇತಿಗೆ ಹೋಗಿ ಬಂದಿದ್ದೇನೆ. ಬಳಗದವರಿಗೆ ಇಷ್ಟು ಸಾಕಾಗಿತ್ತು. ಆಟದಲ್ಲಿ ನಾನು ಅಷ್ಟಕ್ಕಷ್ಟೇ.

ಬೆಳಿಗ್ಗೆ ಎಂಟಕ್ಕೇ ಹೋಗಿ ಬೆಂಚು ಸರಿಸಿ, ಬೋರ್ಡು ಹಾಸಿ, ಕಾಯಿ ಎಣಿಸಿ ಇಟ್ಟೆ. ಮನೆಯಿಂದ ಜೋಳದ ಹಿಟ್ಟಿನ ಖಾಲಿ ಡಬ್ಬಿಯೊಂದನ್ನು ತೊಳೆದು ತಂದಿದ್ದೆ. ಬಂದವರ ಫೋನುಗಳನ್ನೆಲ್ಲ ಬಂದ್ ಮಾಡಿಸಿ, ಹೆಸರಿನ ಚೀಟಿ ಸುತ್ತಿ, ಆ ಡಬ್ಬಿಯೊಳಗೆ ಹಾಕಿ ನನ್ನ ಕುರ್ಚಿಯ ಕೆಳಗೆ ಇಟ್ಟುಕೊಂಡೆ. ನನ್ನ ಹತ್ತಿರ ಒಂದು ನೋಟುಬುಕ್ಕು ಇರುತ್ತದೆ. ಯಾರು ಎಷ್ಟು ಗಂಟೆಗೆ ಬೋರ್ಡು ಬಿಟ್ಟು ಎದ್ದರು, ಎಲ್ಲಿಗೆ ಹೋದರು, ಯಾವಾಗ ಬಂದು ಕುಳಿತರು ಎಂದು ಬರೆದಿಡುತ್ತೇನೆ. ಯಾರೂ ಹೇಳಿದ್ದಲ್ಲ, ನನ್ನ ಚಟ. ಉಪ್ಪಿನಕಾಯಿ ಯಾವ ತಾರೀಖಿಗೆ ಹಾಕಿದೆ, ಸಿಲಿಂಡರು ಯಾವತ್ತು ಬದಲಿಸಿದೆ ಎಂದು ಬರೆಯುವ ಕೈ ಇಲ್ಲಿಯೂ ಸುಮ್ಮನಿರುವುದಿಲ್ಲ.

ಕೊನೆಯ ಸುತ್ತಿಗೆ ಬರುವ ಹೊತ್ತಿಗೆ ಮೂವರ ಜಾಗ ಖಾತ್ರಿಯಾಗಿತ್ತು. ನಾಲ್ಕನೆಯದಕ್ಕೆ ಇಬ್ಬರು ಸಮ ನಿಂತಿದ್ದರು, ಆ ಇಬ್ಬರೇ ಎದುರುಬದುರು ಕುಳಿತಿದ್ದರು. ಒಬ್ಬರು ಮುದ್ದೇಬಿಹಾಳದ ಕಾಲೇಜೊಂದರ ಉಪನ್ಯಾಸಕರು. ಫೋನಿನಲ್ಲಿ, ಕಂಪ್ಯೂಟರಿನಲ್ಲಿ ದಿನವೂ ಆಡುವವರು. ಇನ್ನೊಬ್ಬರು ಝಳಕಿಯ ಹೆದ್ದಾರಿ ಬದಿಯಲ್ಲಿ ಲಾರಿ ಟೈರುಗಳ ಪಂಕ್ಚರ್ ತೆಗೆಯುವವರು. ಐವತ್ತರ ಆಸುಪಾಸು, ಉಗುರಿನ ಸಂದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ಕಪ್ಪು. ಇಬ್ಬರಲ್ಲಿ ಗೆದ್ದವರು ಕಲಬುರಗಿಗೆ.

ಪಂಕ್ಚರ್ ಅಂಗಡಿಯವರಿಗೆ ಬಿಳಿ ಕಾಯಿ. ಆಟ ನಡುವಿಗೆ ಬಂದಾಗ ಅವರು ತಮ್ಮ ಒಂಟೆಯನ್ನು ಎತ್ತಿ, ಎದುರಿನ ರಾಜನ ಮುಂದೆ ಮೂಲೆಯಲ್ಲಿದ್ದ ಪ್ಯಾದೆಯನ್ನು ಹೊಡೆದು ಶಹ ಕೊಟ್ಟರು. ರಾಜನೇ ಆ ಒಂಟೆಯನ್ನು ತಿನ್ನಬಹುದಿತ್ತು, ತಿಂದಿತು. ಆಮೇಲೆ ಕುದುರೆಯನ್ನು ಮುಂದೆ ನೆಗೆಸಿ ಮತ್ತೆ ಶಹ. ಆ ಕುದುರೆಯನ್ನೂ ಉಪನ್ಯಾಸಕರ ಒಂಟೆ ತಿಂದಿತು. ಬಾಜೂಕ ನಿಂತು ನೋಡುತ್ತಿದ್ದ ನಾನು, ಪಾಪ, ಇವರ ಕೈ ತಪ್ಪಿತು ಎಂದುಕೊಂಡೆ. ಆದರೆ ಮರುನಡೆಗೆ ಇವರ ಒಂದು ಪ್ಯಾದೆ ಆ ಒಂಟೆಯನ್ನು ತಿಂದು ಪಕ್ಕಕ್ಕೆ ಸರಿದದ್ದೇ ತಡ, ಹಿಂದೆ ಮೂಲೆಯಲ್ಲಿ ಸುಮ್ಮನೆ ನಿಂತಿದ್ದ ಆನೆಗೆ ದಾರಿ ತೆರೆಯಿತು. ಮಂತ್ರಿಯೂ ಬಂದು ಸೇರಿತು. ಸ್ವಲ್ಪ ಹೊತ್ತಿಗೆ ಉಪನ್ಯಾಸಕರು ಸೋಲೊಪ್ಪಿ ರಾಜನನ್ನು ಮಲಗಿಸಿ ಎದ್ದರು.

ಒಂಟೆ ಕೊಟ್ಟ ಮೇಲೊಮ್ಮೆ, ಕುದುರೆ ಕೊಟ್ಟ ಮೇಲೊಮ್ಮೆ ಪಂಕ್ಚರ್ ಅಂಗಡಿಯವರು ಎದ್ದು ಬಾಗಿಲಾಚೆಯ ಕಟ್ಟೆಗೆ ಹೋಗಿ ನಿಂತಿದ್ದರು. ಎರಡನ್ನೂ ನಾನು ಬರೆದುಕೊಂಡಿದ್ದೆ.

ಉಪನ್ಯಾಸಕರು ಡಬ್ಬಿಯಿಂದ ತಮ್ಮ ಫೋನು ತೆಗೆಸಿಕೊಂಡು ಮೂಲೆಯಲ್ಲಿ ಕುಳಿತರು. ತಾವು ಬರೆದುಕೊಂಡಿದ್ದ ನಡೆಗಳನ್ನು ಒಂದೊಂದಾಗಿ ಚದುರಂಗದ ಆ್ಯಪಿಗೆ ತುಂಬಿದರು. ಇಡೀ ಆಟವನ್ನು ಪರೀಕ್ಷಿಸಿ ಪ್ರತಿ ನಡೆಗೂ ಒಂದು ಮುದ್ರೆ ಒತ್ತುವ ಆ್ಯಪ್ ಅದು. ಹತ್ತು ನಿಮಿಷದಲ್ಲಿ ನನ್ನ ಮೇಜಿಗೆ ಬಂದರು. ಬಳಗದ ಕಾರ್ಯದರ್ಶಿಯೂ ಜೊತೆಗಿದ್ದರು. ಬಾಗೇವಾಡಿಯಲ್ಲಿ ಔಷಧದ ಅಂಗಡಿ ಇರುವವರು.

"ಬಾಯಾರ, ಇಲ್ಲಿ ನೋಡ್ರಿ. ಒಂದ ಆಟದಾಗ ಎರಡು ಬ್ರಿಲಿಯಂಟ್. ನಾ ಇಷ್ಟು ವರ್ಷ ಆಡಾಕತ್ತೇನಿ, ನನಗ ಒಂದು ಬಂದಿಲ್ಲ."

ಪರದೆಯ ಮೇಲೆ ಒಂಟೆಯ ನಡೆಗೂ ಕುದುರೆಯ ನಡೆಗೂ ನೀಲಿಹಸಿರು ಬಣ್ಣದ ಗುಂಡಿಯೊಳಗೆ ಬ್ರಿಲಿಯಂಟ್ ಎಂಬುದರ ಗುರುತಾದ ಎರಡೆರಡು ಉದ್ಗಾರ ಚಿಹ್ನೆ ಮಿನುಗುತ್ತಿದ್ದವು.

"ಅಂದ್ರ ಇದು ಮನಷ್ಯಾ ಆಡೂ ಆಟ ಅಲ್ಲ ಅಂತೀರೇನ್ರಿ?" ಕಾರ್ಯದರ್ಶಿ ಕೇಳಿದರು.

"ನಾ ಯಾಕ ಅನ್ಲಿ, ಮಷೀನ್ ಅನ್ನಾಕತ್ತೈತಿ. ಎರಡು ಸಲ ಎದ್ದು ಹೊರಗ ಹೋಗಿದ್ರು. ಹೌದಲ್ರಿ ಬಾಯಾರ? ನೀವ ಬರದೀರಿ."

ಹೌದು, ನಾನೇ ಬರೆದಿದ್ದೆ. ಪಂಕ್ಚರ್ ಅಂಗಡಿಯವರನ್ನು ಕರೆದೆ.

"ಆಟದ ನಡುವ ಹೊರಗ ಯಾಕ ಹೋಗಿದ್ರಿ?"

"ಸುಮ್ನ ಹೋಗಿದ್ನಿ ಅಕ್ಕೋರ. ರೂಢಿ ಐತ್ರಿ."

"ಒಂಟಿ ಕೊಡೂ ವಿಚಾರ ಹೆಂಗ ಬಂತು?"

ಅವರು ತಮ್ಮ ಕೈ ನೋಡಿಕೊಂಡರು. "ಬಂತ್ರಿ."

"ಬಂತಂತ," ಉಪನ್ಯಾಸಕರು ನಕ್ಕರು. "ನಮಗ ಬರೂದಿಲ್ಲ ನೋಡ್ರಿ, ಅವರಿಗೆ ಬರ್ತೈತಿ."

ಕಾರ್ಯದರ್ಶಿಗೆ ಊರಿಗೆ ಹೋಗುವ ಬಸ್ಸಿನ ಚಿಂತೆ. ನನಗೆ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆಂಬ ಚಿಂತೆ. ನಾನು ಪೆನ್ನು ತೆಗೆದುಕೊಂಡೆ. 'ಸಾಫ್ಟ್‌ವೇರ್ ಪರಿಶೀಲನೆಯಲ್ಲಿ ಅಸಹಜ ನಡೆಗಳು ಕಂಡುಬಂದ ಕಾರಣ ಈ ಆಟದ ಅಂಕವನ್ನು ಎದುರಾಳಿಗೆ ನೀಡಲಾಗಿದೆ' ಎಂದು ದುಂಡಗೆ ಬರೆದೆ. ಪಂಕ್ಚರ್ ಅಂಗಡಿಯವರು ಓದಿ, ಜಗಳವಾಡದೆ, ತೋರಿಸಿದಲ್ಲಿ ಸಹಿ ಮಾಡಿದರು. ಡಬ್ಬಿಯಿಂದ ತಮ್ಮ ಫೋನು ತೆಗೆದುಕೊಂಡರು. ಗುಂಡಿ ಒತ್ತುವ ಹಳೆಯ ಫೋನು, ರಬ್ಬರ್ ಬ್ಯಾಂಡಿನಿಂದ ಬಿಗಿದಿತ್ತು. ಇಂಡಿಯ ಬಸ್ಸು ಹಿಡಿಯಲು ಹೊರಟುಹೋದರು. ಅವರು ಗೇಟು ದಾಟುವಷ್ಟರಲ್ಲಿ ಕಾರ್ಯದರ್ಶಿ ಬಳಗದ ವಾಟ್ಸಾಪ್ ಗುಂಪಿಗೆ ಫಲಿತಾಂಶ ಹಾಕಿದ್ದರು. ಅದರ ಕೆಳಗೆ ಸಾಲಾಗಿ ನಗುವ ಮುಖಗಳು ಬಿದ್ದವು.

ಮಂಗಳವಾರ ಸಂಜೆ ಚಹಾ ಆದ ಮೇಲೆ ನಾನೂ ಯಜಮಾನರೂ ಒಂದಾಟ ಆಡಿದೆವು. ಅವರು ಮಾರ್ಕೆಟಿನಲ್ಲಿ ತೊಗರಿಯ ಅಡತಿ ಅಂಗಡಿಯಲ್ಲಿ ಗುಮಾಸ್ತರು. ಅಲ್ಲಿಂದ ಬಂದು ಕೈಕಾಲು ತೊಳೆದರೆ ಅವರಿಗೆ ಬೋರ್ಡು ಬೇಕು. ನಡುವೆ ಒಲೆಯ ಮೇಲಿನ ಹಾಲು ಉಕ್ಕುವ ಸದ್ದಾಯಿತು. ನಾನು ಕೈಗೆ ಸಿಕ್ಕ ಪ್ಯಾದೆಯೊಂದನ್ನು ಮುಂದೆ ದೂಡಿ ಅಡುಗೆಮನೆಗೆ ಓಡಿದೆ. ಮರಳಿ ಬಂದರೆ ಅವರು ನನ್ನ ಆನೆಯನ್ನು ಕೈಯಲ್ಲಿ ಹಿಡಿದು ಕುಳಿತಿದ್ದರು.

"ಆನಿ ಹೋತು ನೋಡ ನಿಂದು. ಹಾಲರ ಉಳೀತೋ ಇಲ್ಲೋ?"

ಅದನ್ನು ತಿನ್ನಲು ಅವರು ಮಂತ್ರಿಯನ್ನು ಹಿಂದಿನ ಸಾಲಿನಿಂದ ಎಬ್ಬಿಸಿದ್ದರು. ಸಾಲು ಖಾಲಿ ಬಿದ್ದಿತ್ತು. ನನ್ನ ಇನ್ನೊಂದು ಆನೆ ಹೋಗಿ ನಿಂತರೆ ಅವರ ರಾಜನಿಗೆ ಓಡಲು ಜಾಗವೇ ಇಲ್ಲ. ಆಡಿದೆ, ಗೆದ್ದೆ. ಸುಮ್ಮನೆ ನೋಡೋಣವೆಂದು, ಚಟದಂತೆ ಬರೆದಿಟ್ಟಿದ್ದ ನಡೆಗಳನ್ನು ಆ್ಯಪಿಗೆ ತುಂಬಿದೆ. ಭಾನುವಾರ ಸಂಜೆಯೇ ಅದನ್ನು ನನ್ನ ಫೋನಿಗೂ ಹಾಕಿಕೊಂಡಿದ್ದೆ. ನಾನು ಹಾಲಿಗೆ ಓಡುವ ಮುಂಚೆ ದೂಡಿದ್ದ ಪ್ಯಾದೆಯ ಮೇಲೆ ನೀಲಿಹಸಿರು ಗುಂಡಿ. ಎರಡು ಉದ್ಗಾರ ಚಿಹ್ನೆ.

ಯಜಮಾನರು ಇಣುಕಿ ನೋಡಿ ನಕ್ಕರು. "ಹಂಗಾದ್ರ ನಿನ್ನೂ ಆಟದಿಂದ ಹೊರಗ ಹಾಕಬೇಕಲ. ಅಡಗಿಮನಿಗೆ ಹೋಗಿದ್ದಿ, ಅಲ್ಲಿ ಯಾರು ಹೇಳಿಕೊಟ್ರು?"

ನನಗೆ ನಗು ಬರಲಿಲ್ಲ. ಆನೆಗೆ ಕುತ್ತಿದೆಯೆಂದು ನಾನು ನೋಡಿಯೇ ಇರಲಿಲ್ಲ. ನೋಡದೆ ಆಡಿದ ನಡೆಗೆ ಬಂದ ಮುದ್ರೆಯೇ ಝಳಕಿಯವರ ನಡೆಗೂ ಬಂದಿತ್ತು. ಹಾಗಾದರೆ ಆ ಮುದ್ರೆ ಹೇಳುವುದೇನನ್ನು? ಆಟ ಕೆಡಿಸುವ ಮುಂಚೆ ಕೇಳಬೇಕಿದ್ದ ಪ್ರಶ್ನೆ. ನಾನು ಎರಡು ದಿನ ತಡವಾಗಿ ಕೇಳಿದೆ.

ಬುಧವಾರ ಶಾಲೆ ಬಿಟ್ಟ ಮೇಲೆ ಸಿಬ್ಬಂದಿ ಕೋಣೆಯಲ್ಲಿ ಕುಳಿತೆ. ಬಳಗದ ಹಳೆಯ ಪಂದ್ಯಗಳ ಆಟದ ಹಾಳೆಗಳು ನನ್ನ ಕಪಾಟಿನಲ್ಲೇ ಕಟ್ಟು ಕಟ್ಟಿ ಇದ್ದವು. ಇಪ್ಪತ್ತು ಹಾಳೆ ತೆಗೆದು ಒಂದೊಂದೇ ಆಟ ತುಂಬುತ್ತ ಹೋದೆ. ಎರಡು ಉದ್ಗಾರ ಬಿದ್ದಲ್ಲೆಲ್ಲ ನೋಟುಬುಕ್ಕಿನಲ್ಲಿ ಬರೆದೆ: ಯಾವ ಕಾಯಿ, ಆ ಹೊತ್ತಿಗೆ ಯಾರ ಕೈ ಮೇಲಿತ್ತು, ಆಮೇಲೆ ಏನಾಯಿತು. ಐದು ಸಿಕ್ಕವು. ಐದರಲ್ಲೂ ಒಂದು ಸಂಗತಿ ಸಮಾನ. ಆಡಿದವರು ಒಂದು ದೊಡ್ಡ ಕಾಯಿಯನ್ನು ಎದುರಿನವರು ತಿನ್ನುವಂತೆ ಬಿಟ್ಟಿದ್ದರು, ಬಿಟ್ಟರೂ ಅವರಿಗೆ ನಷ್ಟವಾಗಿರಲಿಲ್ಲ. ನಮ್ಮ ಬಳಗದ ಹಿರಿಯ ಆಟಗಾರರೊಬ್ಬರು ಅರ್ಧ ತಾಸು ತಲೆ ಹಿಡಿದು ಕುಳಿತು ಆಡಿದ ನಡೆಯೊಂದಿತ್ತು. ರಾಜನನ್ನು ಒಂದೇ ಮನೆ ಸರಿಸಿ ಸೋಲುವ ಆಟ ಉಳಿಸಿಕೊಂಡದ್ದು. ಅದು ನನಗೆ ಇಡೀ ಕಟ್ಟಿನಲ್ಲೇ ಕಠಿಣವಾಗಿ ಕಂಡಿತು. ಆ್ಯಪ್ ಅದಕ್ಕೆ ಬರೀ 'ಒಳ್ಳೆಯ ನಡೆ' ಎಂದಿತ್ತು, ಯಾಕೆಂದರೆ ಅಲ್ಲಿ ಯಾವ ಕಾಯಿಯನ್ನೂ ಕೊಟ್ಟಿರಲಿಲ್ಲ. ಇನ್ನೊಂದು ಆಟದಲ್ಲಿ ಒಬ್ಬರು ಮಂತ್ರಿಯನ್ನೇ ಕೊಟ್ಟು ಮುಗಿಸಿದ್ದರು. ಅದಕ್ಕೂ ಮುದ್ರೆ ಇಲ್ಲ. ಅಷ್ಟು ಹೊತ್ತಿಗೆ ಅವರು ಹೇಗೆ ಆಡಿದರೂ ಗೆಲ್ಲುವ ಸ್ಥಿತಿಯಲ್ಲಿದ್ದರು.

ಆ್ಯಪಿನಲ್ಲಿ ಆಟಗಾರರ ಮಟ್ಟ ತುಂಬುವ ಒಂದು ಜಾಗವಿದೆ. ಉಪನ್ಯಾಸಕರು ಅಲ್ಲಿ ಇಬ್ಬರಿಗೂ ಹೊಸಬರ ಮಟ್ಟ ಬಿಟ್ಟಿದ್ದನ್ನು ಅವತ್ತು ಪರದೆಯಲ್ಲಿ ಕಂಡದ್ದು ನನಗೆ ನೆನಪಿತ್ತು. ಝಳಕಿಯವರ ಆಟವನ್ನು ನಾನೂ ಹಾಗೆಯೇ ತುಂಬಿದೆ. ಒಂಟೆಗೂ ಕುದುರೆಗೂ ಮುದ್ರೆ ಬಂದವು. ಆಮೇಲೆ ದೊಡ್ಡ ಆಟಗಾರರ ಮಟ್ಟ ತುಂಬಿ ಮತ್ತೆ ನಡೆಸಿದೆ. ಕುದುರೆಯ ಮುದ್ರೆ ಮಾಯವಾಯಿತು. ಹೊಸಬರಿಗೆ ಅದು ಕೈ ಸಡಿಲಿಸಿ ಶಹಬ್ಬಾಸ್ ಹೇಳುತ್ತದೆ, ಪಳಗಿದವರಿಗೆ ಬಿಗಿಹಿಡಿಯುತ್ತದೆ. ಕೊನೆಗೆ ಆ್ಯಪಿನ ಸಹಾಯ ಪುಟ ತೆರೆದೆ. ನಾನು ಇಷ್ಟು ಹೊತ್ತು ಹೆಣಗಿ ಕಂಡುಕೊಂಡದ್ದೆಲ್ಲ ಅಲ್ಲಿ ಅರ್ಧ ಪುಟದಲ್ಲಿ ಇತ್ತು: ಕಾಯಿ ಬಿಟ್ಟುಕೊಟ್ಟಿರಬೇಕು, ಆ ನಡೆ ಇದ್ದುದರಲ್ಲಿ ಉತ್ತಮವಾಗಿರಬೇಕು, ಅದಿಲ್ಲದೆಯೂ ಗೆಲ್ಲುವಂತಿರಬಾರದು, ಆಡಿದ ಮೇಲೆ ಸೋಲುವಂತಿರಬಾರದು. ಮನುಷ್ಯರು ಆಡಲಾರದ ನಡೆ ಎಂದು ಎಲ್ಲಿಯೂ ಇರಲಿಲ್ಲ. ಭಾನುವಾರವೇ ಓದಿದ್ದರೆ ಐದು ನಿಮಿಷದ ಕೆಲಸ.

ಆಮೇಲೆ ಝಳಕಿಯವರ ಆಟವನ್ನು ಮೊದಲ ನಡೆಯಿಂದ ನೋಡಿದೆ. ಭಾನುವಾರ ನನಗೆ ತೋರಿಸಿದ್ದು ಎರಡು ನಡೆ, ನಾನು ನೋಡಿದ್ದೂ ಎರಡೇ. ಆರಂಭದಲ್ಲಿ ಅವರು ಪುಗಸಟ್ಟೆ ಒಂದು ಪ್ಯಾದೆ ಕಳೆದುಕೊಂಡಿದ್ದರು. ಇನ್ನೆರಡು ಕಡೆ ಕೆಂಪು ಮುದ್ರೆ, ತಪ್ಪು ನಡೆ. ಒಂಟೆ, ಕುದುರೆ ಕೊಟ್ಟ ಮೇಲೆ ಎರಡೇ ನಡೆಯಲ್ಲಿ ಮುಗಿಸುವ ಹಾದಿ ಎದುರಿಗಿತ್ತು. ಅದು ಕಾಣದೆ ಸುತ್ತಿ ಬಳಸಿ ಗೆದ್ದಿದ್ದರು. ಯಂತ್ರ ಹೇಳಿಕೊಟ್ಟಿದ್ದರೆ ಆ ಹಾದಿ ತಪ್ಪುತ್ತಿತ್ತೇ? ಲೆಕ್ಕದ ಹಂತ ನೋಡದೆ ಕೊನೆಯ ಉತ್ತರವಷ್ಟೇ ನೋಡುವ ಮಕ್ಕಳನ್ನು ಇಪ್ಪತ್ತು ವರ್ಷದಿಂದ ಬೈಯುತ್ತ ಬಂದವಳು ನಾನು.

ಇಷ್ಟು ಸಾಲದೆಂಬಂತೆ ನನ್ನ ನೋಟುಬುಕ್ಕೂ ಇತ್ತು. 'ಒಂಟೆ ಆಡಿ ಎದ್ದರು. ಕಟ್ಟೆ. ಒಬ್ಬರೇ. ಕರೆದ ಮೇಲೆ ಬಂದರು.' 'ಕುದುರೆ ಆಡಿ ಎದ್ದರು. ಕಟ್ಟೆ. ಒಬ್ಬರೇ.' ಆಡಿ ಎದ್ದಿದ್ದರು. ಕೇಳಿಕೊಂಡು ಬರಬೇಕಾದವರು ಆಡುವ ಮುಂಚೆ ಏಳುತ್ತಾರೆ. ಕಟ್ಟೆ ನನ್ನ ಕುರ್ಚಿಗೆ ಕಾಣುತ್ತದೆ. ಒಬ್ಬರೇ ಎಂದು ಬರೆದ ಕೈಯಿಂದಲೇ ಅಸಹಜ ಎಂದೂ ಬರೆದಿದ್ದೆ.

ಇಷ್ಟೆಲ್ಲ ಬುಧವಾರವೇ ತಿಳಿದಿತ್ತು. ತಂಡದ ಪಟ್ಟಿ ಕಲಬುರಗಿಗೆ ಹೋಗುವುದು ಶನಿವಾರ. ನಾನು ಫೋನು ಮಾಡಿದ್ದು ಸೋಮವಾರ. ಕಾರಣಗಳು ಬೇಕಿದ್ದರೆ ಇದ್ದವು: ಉತ್ತರಪತ್ರಿಕೆಗಳ ರಾಶಿ, ಮನೆಗೆ ಬಂದ ನಾದಿನಿ. ಖರೆ ಹೇಳಬೇಕೆಂದರೆ ದಿನವೂ ಕಾರ್ಯದರ್ಶಿಯವರ ನಂಬರು ತೆಗೆಯುವುದು, ನಾನು ತಪ್ಪಿದೆ ಎನ್ನುವ ಮಾತು ಬಾಯಲ್ಲಿ ಕೂಡಿಸಿಕೊಳ್ಳುವುದು, ಫೋನು ಕೆಳಗಿಡುವುದು, ಇದೇ ಆಯಿತು. ಶನಿವಾರ ಕಳೆದಾಗ ಎದೆಯ ಮೂಲೆಯಲ್ಲೆಲ್ಲೋ ಸ್ವಲ್ಪ ಹಗುರವೂ ಆಯಿತು. ಆ ಹಗುರವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

"ಪಟ್ಟಿ ಹೋತಲ್ರಿ ಬಾಯಾರ," ಕಾರ್ಯದರ್ಶಿ ಅಂದರು. "ಈಗ ಆ ಮಾತು ತಗದು ಏನ್ ಮಾಡ್ತೀರಿ? ಅವರೂ ಏನೂ ಕೇಳಿಲ್ಲ."

"ಕೇಳದಿದ್ರೂ ನಾ ಹೇಳಬೇಕಲ್ರಿ. ಫಲಿತಾಂಶ ತಿದ್ದತೇನಿ. ಗುಂಪಿನಾಗ ಹಾಕ್ರಿ."

"ತಿದ್ರಿ. ಖರೆ ಒಂದು ಮಾತು ಕೇಳ್ರಿ. ಸಾಫ್ಟ್‌ವೇರ್ ದೋಷದಿಂದ ಹಿಂಗಾತು ಅಂತ ಬರೀರಿ. ನಿಮಗೂ ತ್ರಾಸಿಲ್ಲ, ಲೆಕ್ಚರರ್‌ಗೂ ಸಿಟ್ಟು ಬರೂದಿಲ್ಲ. ಎಲ್ಲಾರೂ ನಾಳಿ ಮತ್ತ ಕೂಡಿ ಆಡೂದ ಐತಿ."

ನನಗೆ ಒಪ್ಪಿಗೆಯಾಯಿತು. ಹಾಗೆಯೇ ಬರೆದೆ. ಆಟದ ಫಲಿತಾಂಶ ಮೊದಲಿನಂತೆ ಇರುತ್ತದೆ, ಸಾಫ್ಟ್‌ವೇರ್ ದೋಷದಿಂದ ತಪ್ಪು ನಿರ್ಣಯವಾಗಿತ್ತು, ವಿಷಾದಿಸುತ್ತೇವೆ ಎಂದು. ಗುಂಪಿಗೆ ಹಾಕುವ ಮುಂಚೆ ಝಳಕಿಯವರಿಗೊಮ್ಮೆ ತೋರಿಸಬೇಕೆನಿಸಿತು. ಭಾನುವಾರ ಬೆಳಿಗ್ಗೆ ಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡು ಇಂಡಿಗೆ, ಅಲ್ಲಿಂದ ಝಳಕಿಗೆ ಬಸ್ಸು ಹಿಡಿದೆ. ಆ ಹೊತ್ತಿಗೆ ಕಲಬುರಗಿಯಲ್ಲಿ ತಂಡ ಮೊದಲ ಸುತ್ತು ಆಡುತ್ತಿತ್ತು.

ಅಂಗಡಿ ಎಂದರೆ ತಗಡಿನ ಚಪ್ಪರ, ಗಾಳಿ ತುಂಬುವ ಯಂತ್ರ, ನೀರಿನ ತೊಟ್ಟಿ. ಟೈರುಗಳ ನಡುವೆ ಒಂದು ಡ್ರಮ್ಮಿನ ಮೇಲೆ ಪ್ಲೈವುಡ್ಡಿನಲ್ಲಿ ಬಣ್ಣ ಬಳಿದು ಮಾಡಿದ ಬೋರ್ಡು. ಇಬ್ಬರು ಲಾರಿ ಡ್ರೈವರುಗಳು ಕುಳಿತಿದ್ದರು. ಪಂಕ್ಚರ್ ಅಂಗಡಿಯವರು ಕೈ ಒರೆಸಿಕೊಳ್ಳುತ್ತ ಬೋರ್ಡಿನ ಹತ್ತಿರ ಬಂದಾಗ ಒಬ್ಬ ಡ್ರೈವರು, "ಮಾಸ್ತರ, ಮೊದಲ ಫೋನ್ ಅಲ್ಲಿಡಪಾ. ಆಮ್ಯಾಲ ಆಡೂನು," ಎಂದ. ಅವರು ಫೋನನ್ನು ಕಂಬದ ಮೊಳೆಗೆ ಸಿಕ್ಕಿಸಿದರು. ಇದು ದಿನದ ಮಾತಾಗಿದೆ ಎಂದು ಅವರು ಸಿಕ್ಕಿಸಿದ ರೀತಿಯಲ್ಲೇ ತಿಳಿಯಿತು. ಆಮೇಲೆ ತಿರುಗಿ ನನ್ನನ್ನು ಕಂಡರು.

"ಬರ್ರಿ ಅಕ್ಕೋರ. ಬಿಸಲಾಗ ಯಾಕ ನಿಂತೀರಿ?" ಮರದ ಪೆಟ್ಟಿಗೆಯೊಂದನ್ನು ಬಟ್ಟೆಯಿಂದ ಒರೆಸಿ ಕೊಟ್ಟರು. ಚಹಾ ತರಿಸಿದರು.

ಒಂಟೆ ಕೊಡುವುದನ್ನು ಎಲ್ಲಿ ಕಲಿತಿರಿ ಎಂದು ಕೇಳಿದೆ. ಮಾತಿನಲ್ಲಿ ಹೇಳಲಿಲ್ಲ. ಬೋರ್ಡಿನ ಮೇಲೆ ಕಾಯಿ ಜೋಡಿಸಿ ತೋರಿಸಿದರು. ಇಲ್ಲಿ ರಾಜ, ಇಲ್ಲಿ ಮೂಲೆಯ ಪ್ಯಾದೆ, ಒಂಟೆ ಬಡಿದು ಬಾಗಿಲು ಮುರಿಯಿತು, ಕುದುರೆ ಬಂತು, ಹಿಂದಿನ ಆನೆಗೆ ದಾರಿ.

"ಸೊಲ್ಲಾಪುರದ ಕಡೀ ಒಬ್ಬ ಡ್ರೈವರ್ ಬರ್ತಿದ್ದನ್ರಿ. ಇದ ಏಟು ನನಗ ಏಳೆಂಟು ಸಲ ಹೊಡದಾನ. ತಿಂದು ತಿಂದು ಕಲತೇನ್ರಿ."

"ಆಡಿ ಹೊರಗ ಹೋಗೂದು?"

"ಇಲ್ಲಿ ಹಂಗ್ರಿ. ನಾ ಒಂದು ಆಡಿ ಟೈರ್ ಕೆಲಸಕ್ಕ ಹೋಗ್ತೇನಿ. ಅವರು ವಿಚಾರ ಮಾಡಿ ಆಡಿ, ಹೂಂ ಬಾ ಅಂತ ಕರೀತಾರ. ಎದುರಿನವರು ವಿಚಾರ ಮಾಡೂಮುಂದ ಅವರ ಮಾರಿ ನೋಡ್ಕೋತ ಕುಂದ್ರಬಾರದ್ರಿ. ಅವರಿಗೆ ತ್ರಾಸ ಆಗ್ತೈತಿ."

"ಅವತ್ತ ಇದನ್ನ ಹೇಳಬೇಕಿತ್ತಲ್ರಿ ನೀವು."

"ರೂಢಿ ಅಂದ್ನೆಲ್ರಿ. ಅಷ್ಟರಾಗ ನೀವು ಬರಿಯಾಕ ಹತ್ತಿದ್ರಿ."

ನಾನು ಪತ್ರ ತೆಗೆದು ಕೊಟ್ಟೆ. ಅವರು ಸಾಲಿನ ಕೆಳಗೆ ಬೆರಳು ಸರಿಸುತ್ತ ನಿಧಾನ ಓದಿದರು. ಕಾಗದದ ಅಂಚಿಗೆ ಗ್ರೀಸಿನ ಗುರುತು ಬಿತ್ತು. ಒಂದು ಸಾಲಿಗೆ ಹಿಂದೆ ಹೋಗಿ ಮತ್ತೆ ಓದಿದರು.

"ಅಕ್ಕೋರ, ಒಂದು ಕೇಳ್ಲೇನ್ರಿ? ಸಿಟ್ಟಾಗಬ್ಯಾಡ್ರಿ."

"ಕೇಳ್ರಿ."

"ಸಾಫ್ಟ್‌ವೇರ್ ತಪ್ಪು ಮಾಡೈತಿ ಅಂತ ಬರದೀರಿ. ಅದು ಏನು ತಪ್ಪು ಮಾಡೈತ್ರಿ? ಅವತ್ತ ಆ ಹಾಲ್‌ನ್ಯಾಗ ನನ್ನ ಆಟ ಚಲೋ ಐತಿ ಅಂದಿದ್ದು ಅದೊಂದ."

ನಾನು ಚಹಾದ ಲೋಟ ಕೆಳಗಿಟ್ಟೆ. ಅವರ ದನಿಯಲ್ಲಿ ಚುಚ್ಚು ಇರಲಿಲ್ಲ. ಲೆಕ್ಕದಲ್ಲಿ ಒಂದು ಹಂತ ಬಿಟ್ಟಿದ್ದೀರಿ ಎಂದು ತೋರಿಸಿದಂತೆ ತೋರಿಸಿದ್ದರು. ಹೌದು, ಅದು ಹೊಗಳಿತ್ತು. ಹೊಗಳಿಕೆಯನ್ನು ದೂರು ಮಾಡಿಕೊಂಡವಳು ನಾನು. ಈಗ ತಪ್ಪನ್ನೂ ಅದರ ತಲೆಗೆ ಕಟ್ಟಿ ಬಂದಿದ್ದೆ.

ಚೀಲದಿಂದ ಇನ್ನೊಂದು ಬಿಳಿ ಹಾಳೆ ತೆಗೆದೆ. ಪ್ಲೈವುಡ್ಡಿನ ಬೋರ್ಡಿನ ಕಾಯಿಗಳನ್ನು ಅವರೇ ಒಂದು ಬದಿಗೆ ಸರಿಸಿ ಜಾಗ ಮಾಡಿಕೊಟ್ಟರು. ಸಾಫ್ಟ್‌ವೇರ್ ಈ ಆಟವನ್ನು ಮೆಚ್ಚಿತ್ತು, ಅದರ ಅರ್ಥ ತಿಳಿದುಕೊಳ್ಳದೆ, ಇಡೀ ಆಟ ನೋಡದೆ, ನನ್ನದೇ ನೋಟುಬುಕ್ಕು ಓದದೆ ನಾನು ಅಂಕ ಕಿತ್ತುಕೊಂಡೆ, ಪಟ್ಟಿ ಹೋಗುವ ಮೊದಲೇ ತಿಳಿದಿದ್ದರೂ ಸುಮ್ಮನಿದ್ದೆ ಎಂದು ಬರೆದೆ. ಕೆಳಗೆ ಹೆಸರು, ಹುದ್ದೆ, ತಾರೀಖು ಹಾಕಿದೆ. ಅಕ್ಷರ ಎಂದಿನಷ್ಟು ದುಂಡಗೆ ಬರಲಿಲ್ಲ. ಅಲ್ಲೇ ಕುಳಿತು ಅದರ ಫೋಟೋ ತೆಗೆದು, ಕಾರ್ಯದರ್ಶಿಯನ್ನು ಕೇಳದೆ, ಗುಂಪಿಗೆ ಹಾಕಿದೆ. ಹಾಳೆಯನ್ನು ಅವರ ಕೈಗೆ ಕೊಡಲು ಹೋದೆ.

ಅವರು ತೆಗೆದುಕೊಳ್ಳಲಿಲ್ಲ. ಟೈರಿನ ಮೇಲೆ ಕುಳಿತ ಡ್ರೈವರುಗಳ ಕಡೆ ನೋಡಿದರು. "ಇವರಿಗೆ ಓದಾಕ ಬರೂದಿಲ್ರಿ. ನೀವ ಸ್ವಲ್ಪ ಓದಿ ಹೇಳ್ರಿ."

ಎದ್ದು ನಿಂತು ಓದಿದೆ. ಒಂದು ಲಾರಿ ಹಾರ್ನು ಹೊಡೆಯುತ್ತ ದಾಟಿಹೋಯಿತು. ಅದು ಹೋಗುವವರೆಗೆ ನಿಂತು, ಆ ಸಾಲನ್ನು ಮತ್ತೆ ಓದಿದೆ. ಮುಗಿಸಿದ ಮೇಲೆ, ಫೋನು ಅಲ್ಲಿಡು ಎಂದಿದ್ದ ಡ್ರೈವರು ತಲೆ ಕೆರೆದುಕೊಂಡ.

"ಇಷ್ಟುದ್ದ ತಿಳೀಲಿಲ್ರಿ ಬಾಯಾರ. ಕೊನೀಗೆ ಕಳ್ಳಾಟ ಆಡಿದ್ದು ಯಾರಂತ?"

"ಯಾರೂ ಆಡಿಲ್ರಿ," ಅಂದೆ. "ಇವರು ಗೆದ್ದಿದ್ರು. ನಾ ಕಸಗೊಂಡಿದ್ನಿ."